ಸುಸ್ತಿಗೊಂದು ಸರ್ಟಿಫಿಕೇಟು

ಕಾಲು ಮುರಿದವರಿಗೆ ಸಿಗುವ ಮರ್ಯಾದೆ ಸುಸ್ತಾದವರಿಗೆ ಸಿಗುವುದಿಲ್ಲ. ಕಾಲಿಗೆ ಪ್ಲಾಸ್ಟರ್ ಸುತ್ತಿದ್ದರೆ ಬಸ್ಸಿನಲ್ಲಿ ಜಾಗ ಬಿಡುತ್ತಾರೆ, ಮದುವೆಮನೆಯಲ್ಲಿ ಮೊದಲ ಪಂಕ್ತಿಗೇ ಕರೆದು ಕೂರಿಸುತ್ತಾರೆ, ನೋಡಲು ಬರುವವರು ಕೈಯಲ್ಲಿ ಮೋಸಂಬಿ ಹಿಡಿದೇ ಬರುತ್ತಾರೆ. ಜ್ವರಕ್ಕೆ ಥರ್ಮಾಮೀಟರಿನ ಸಾಕ್ಷಿಯಿದೆ. ಶುಗರಿಗೂ ಬಿ.ಪಿ.ಗೂ ನಂಬರುಗಳಿವೆ, ಆ ನಂಬರುಗಳನ್ನೇ ಹೇಳಿಕೊಂಡು ಪಾರ್ಕಿನ ಬೆಂಚಿನ ಮೇಲೆ ಒಂದು ಸಂಜೆ ಕಳೆಯಬಹುದು. ಸುಸ್ತಿಗೆ ಏನಿದೆ? "ಯಾಕೋ ತುಂಬಾ ಸುಸ್ತು" ಎಂದು ಬಾಯಿ ಬಿಡುವುದೇ ತಡ, "ಅಯ್ಯೋ, ನಂಗೂ ಹಾಗೇ ಕಣ್ರೀ, ಈ ಬಿಸಿಲಿಗೆ" ಎಂದು ಎದುರಿನವರು ನಮ್ಮ ಸುಸ್ತನ್ನು ಅಲ್ಲೇ ಪಕ್ಕಕ್ಕಿಟ್ಟು ತಮ್ಮದನ್ನು ಬಿಚ್ಚುತ್ತಾರೆ.

ಹೆಪಟೈಟಿಸ್ ಸಿ ಎಂಬ ಕಾಯಿಲೆಯ ಜೊತೆ ಬಾಳುವುದರ ಮುಖ್ಯ ಫಜೀತಿ ಇದೇ. ಅದು ಗದ್ದಲ ಮಾಡುವ ಜಾತಿಯದ್ದಲ್ಲ. ರಕ್ತದ ಮೂಲಕ ಮೈ ಸೇರಿದ ಮೇಲೆ ಕೆಲವರ ದೇಹ ಅದನ್ನು ಆರು ತಿಂಗಳೊಳಗೆ ತಾನಾಗಿ ಆಚೆ ಹಾಕುತ್ತದೆ. ಉಳಿದವರಲ್ಲಿ, ಅಂದರೆ ಹೆಚ್ಚಿನವರಲ್ಲಿ, ಲಿವರ್‌ನೊಳಗೆ ಸೇರಿಕೊಂಡು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದುಬಿಡುತ್ತದೆ. ಕಣ್ಣು ಹಳದಿಯಾಗುವುದಿಲ್ಲ, ಹೊಟ್ಟೆ ನೋವು ಬಂದು ಹೊರಳಾಡಿಸುವುದಿಲ್ಲ. ಒಂದಿಷ್ಟು ಸುಸ್ತು, ಒಂದಿಷ್ಟು ಕೀಲುನೋವು, ಆಗಾಗ ತುರಿಕೆ, ಹಸಿವಿಲ್ಲದಿರುವುದು, ರಾತ್ರಿ ನಿದ್ದೆ ಬಾರದೆ ಹಗಲು ತೂಕಡಿಕೆ, ಆಡುವ ಮಾತು ನಾಲಿಗೆಯ ತುದಿಗೆ ಬಂದು ನಿಂತುಬಿಡುವುದು. ಇದರಲ್ಲಿ ಯಾವುದನ್ನು ಹೇಳಿದರೂ ನಡುವಯಸ್ಸು ದಾಟಿದ ಯಾವ ಹೆಂಗಸಾದರೂ "ಇಷ್ಟೇನಾ?" ಅಂದಾಳು.

ನನ್ನೊಳಗೆ ಅದು ಬಂದದ್ದು 1987ರಲ್ಲಿ, ಮಗ ಹುಟ್ಟಿದಾಗ ಹಾಕಿದ ರಕ್ತದ ಜೊತೆ ಎಂಬುದು ಡಾಕ್ಟರ ಲೆಕ್ಕಾಚಾರ. ಆ ರಕ್ತದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಹಾಕದಿದ್ದರೆ ಇದನ್ನು ಬರೆಯಲು ನಾನೇ ಇರುತ್ತಿರಲಿಲ್ಲ. ಪರೀಕ್ಷೆ ಮಾಡಬೇಕಿತ್ತು ಅನ್ನೋಣವೆಂದರೆ ಆಗ ಪರೀಕ್ಷೆಯೂ ಇರಲಿಲ್ಲ, ವೈರಸ್ಸಿಗೆ ಹೆಸರೂ ಇರಲಿಲ್ಲ. ರಕ್ತ ಹಾಕಿಸಿಕೊಂಡವರಲ್ಲಿ ಲಿವರ್ ಊತ ಬರುತ್ತಿದೆ, ಅದು ಎ ಅಲ್ಲ, ಬಿ ಕೂಡ ಅಲ್ಲ ಎಂಬಲ್ಲಿಗೆ ಅಮೆರಿಕದ ಹಾರ್ವೆ ಆಲ್ಟರ್ ಎಂಬ ವೈದ್ಯರು ತಂದು ನಿಲ್ಲಿಸಿದ್ದರು. ಹನ್ನೊಂದನೆಯ ದಿನಕ್ಕೆ ತೊಟ್ಟಿಲಿಗೆ ಹಾಕಿ ನಮ್ಮ ಮಗನಿಗೆ ನಾಮಕರಣ ಮುಗಿಸಿದೆವು. ಅವನ ಜೊತೆಗೇ ಬಂದ ಇದಕ್ಕೆ ನಾಮಕರಣವಾಗುವಾಗ 1989. ಮೈಕೆಲ್ ಹೌಟನ್ ಮತ್ತು ಸಂಗಡಿಗರು ವೈರಸ್ಸನ್ನು ಹಿಡಿದು 'ಸಿ' ಎಂದು ಕರೆದರು. ಹೌಟನ್, ಆಲ್ಟರ್ ಮತ್ತು ಚಾರ್ಲ್ಸ್ ರೈಸ್ ಮೂವರಿಗೂ 2020ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಮಗ ಹೈಸ್ಕೂಲು. ಆಮೇಲೆ ಅವನು ಓದು ಮುಗಿಸಿ, ಕೆಲಸ ಹಿಡಿದು ಬೆಂಗಳೂರು ಸೇರಿಕೊಂಡ. ಜೊತೆಗೆ ಬಂದದ್ದು ಮಾತ್ರ ತಾಯಿಯನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಗೊತ್ತಾದದ್ದು ಮಂಡಿ ಆಪರೇಷನ್ನಿಗೆ ಮುಂಚೆ ಮಾಡುವ ಮಾಮೂಲಿ ರಕ್ತಪರೀಕ್ಷೆಯಲ್ಲಿ. ಅಷ್ಟರಲ್ಲಿ ಬಂಧುಬಳಗದಲ್ಲಿ ನನಗೆ ಸೋಮಾರಿ ಎಂಬ ಬಿರುದು ಪಕ್ಕಾ ಆಗಿತ್ತು. ನಮ್ಮ ಅತ್ತೆಯವರು ಭತ್ತ ಕುಟ್ಟಿ, ಕೊಟ್ಟಿಗೆ ಬಾಚಿ, ಹದಿನಾರು ಜನಕ್ಕೆ ಮುದ್ದೆ ತೊಳಸಿದವರು. ನಾನು ಗ್ರೈಂಡರಿನಲ್ಲಿ ದೋಸೆಹಿಟ್ಟು ರುಬ್ಬಿ ಉಸ್ಸೆಂದು ಕೂತರೆ ಅವರು ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ. ಎದ್ದು ಹೋಗಿ ಗ್ರೈಂಡರನ್ನು ತಾವೇ ತೊಳೆದಿಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. ಹಾಗಾಗಿ ರಿಪೋರ್ಟು ಬಂದ ದಿನ ಮನೆಮಂದಿಗೆಲ್ಲ ಗಾಬರಿಯಾದರೆ ನನಗೆ ಗಾಬರಿಯ ಜೊತೆಗೆ ಕೇಸು ಗೆದ್ದ ಸಮಾಧಾನವೂ ಆಯಿತು. ಸುಸ್ತು ಸುಳ್ಳಲ್ಲ, ಅದಕ್ಕೊಂದು ಕಾರಣವಿದೆ, ಲ್ಯಾಬಿನವರ ಸೀಲಿದೆ, ಕೆಳಗೆ ಸಹಿಯಿದೆ. ರಿಪೋರ್ಟನ್ನು ಅತ್ತೆಯವರ ಫೋಟೋದ ಎದುರು ಒಂದು ಗಳಿಗೆ ಹಿಡಿಯೋಣ ಎನ್ನಿಸಿತು. ಆಶೀರ್ವಾದ ಕೇಳುತ್ತಿದ್ದೇನೆಂದು ನಮ್ಮವರು ಎಲ್ಲಿ ತಪ್ಪು ತಿಳಿಯುತ್ತಾರೋ ಎಂದು ಬಿಟ್ಟೆ.

ಈ ಸುಸ್ತು ಕೆಲಸ ಮಾಡಿ ಬರುವ ಸುಸ್ತಲ್ಲ. ಕಳೆ ಕಿತ್ತು ಬಂದ ಆಯಾಸ ಊಟ ಮಾಡಿ ಮಲಗಿದರೆ ಇಳಿಯುತ್ತದೆ. ಇದು ಮಲಗಿ ಎದ್ದ ಮೇಲೂ ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತದೆ. ಬೆಳಿಗ್ಗೆ ಕೈಗೆ ಬರುವ ಶಕ್ತಿ ತಿಂಗಳ ಮೊದಲ ತಾರೀಖಿನ ಪಿಂಚಣಿಯ ಹಾಗೆ. ನೋಡಲು ಏನೋ ಬಂದ ಹಾಗಿರುತ್ತದೆ, ಎರಡು ಬಾಬಿಗೆ ಕೊಡುವಷ್ಟರಲ್ಲಿ ಮುಗಿದಿರುತ್ತದೆ. ಆದ್ದರಿಂದ ಯಾವುದಕ್ಕೆ ಎಷ್ಟು ಎಂದು ಮೊದಲೇ ಎತ್ತಿಡಬೇಕು. ಬಟ್ಟೆ ಒಗೆಯುವ ದಿನ ಬ್ಯಾಂಕಿಗೆ ಹೋಗುವುದಿಲ್ಲ. ಹಬ್ಬದ ಹಿಂದಿನ ದಿನ ಯಾರ ಮನೆಗೂ ಅರಿಶಿನ ಕುಂಕುಮಕ್ಕೆ ಹೋಗುವುದಿಲ್ಲ. ನಿಂತು ಮಾಡುವ ಅಡುಗೆಯಲ್ಲಿ ಅರ್ಧವನ್ನು ಕೂತು ಮಾಡಬಹುದು ಎಂಬುದನ್ನು ಅಡುಗೆಮನೆಯಲ್ಲಿ ಒಂದು ಸ್ಟೂಲು ಹಾಕಿಕೊಂಡ ಮೇಲೆ ಕಂಡೆ. ಮಧ್ಯಾಹ್ನ ಅರ್ಧ ಗಂಟೆ ಅಡ್ಡಾದರೆ ಸಾಕು. ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆಗೆ ಎಳ್ಳುನೀರು. ತಮಾಷೆಯೆಂದರೆ, ಸುಸ್ತೆಂದು ಕೂತಷ್ಟೂ ಅದು ಬಲಿಯುತ್ತದೆ. ದಿನವೂ ಸ್ವಲ್ಪ ನಡೆಯಲೇಬೇಕು ಎಂದು ಡಾಕ್ಟರು ಹೇಳಿದಾಗ ಇವರೂ ಅತ್ತೆಯವರ ಕಡೆಯವರೇ ಇರಬೇಕು ಅಂದುಕೊಂಡೆ. ಆದರೆ ಸಂಜೆ ಒಂದು ಸುತ್ತು ನಡೆದು ಬಂದ ದಿನ ಮೈ ಹಗುರವಾಗಿರುವುದು ನಿಜ. ಇನ್ನೊಂದು ಲಾಭವನ್ನೂ ಹೇಳಬೇಕು. ಮದುವೆಯಾಗಿ ಇಷ್ಟು ವರ್ಷಕ್ಕೆ ನಮ್ಮವರು ಸಾರಿಗೆ ಒಗ್ಗರಣೆ ಹಾಕುವುದನ್ನು ಕಲಿತರು. ಸಾಸಿವೆ ಇನ್ನೂ ಸ್ಟೌವಿನ ಸುತ್ತ ಸಿಡಿದು ಬಿದ್ದಿರುತ್ತದೆ, ಇರಲಿ.

ತುರಿಕೆಯದ್ದು ಇನ್ನೊಂದು ಬಗೆ. ಸುಸ್ತು ಹಗಲಿನದಾದರೆ ತುರಿಕೆ ರಾತ್ರಿಯದು. ಅಂಗೈ, ಅಂಗಾಲು, ಬೆನ್ನಿನಲ್ಲಿ ಕೈಗೆ ಎಟುಕದ ಆ ಒಂದು ಜಾಗ. ಚರ್ಮದ ಮೇಲೆ ಏನೂ ಕಾಣುವುದಿಲ್ಲ. ಅಲ್ಲಿಗೆ ಇಲ್ಲೂ ಸಾಕ್ಷಿಯಿಲ್ಲ. ನಮ್ಮ ಕಡೆಯವರಿಗೆ ಹಂಡೆಯ ಸುಡುನೀರನ್ನು ಹೊಯ್ದುಕೊಂಡರೇ ಸ್ನಾನವಾದ ಹಾಗೆ. ಹೊಯ್ದುಕೊಳ್ಳುವಾಗ ಹಿತವಾಗಿರುತ್ತದೆ, ಒರೆಸಿಕೊಂಡ ಮೇಲೆ ತುರಿಕೆ ಎರಡರಷ್ಟಾಗುತ್ತದೆ. ಉಗುರುಬೆಚ್ಚಗಿನ ನೀರು, ಮೈ ಇನ್ನೂ ತೇವವಿರುವಾಗಲೇ ಹಚ್ಚುವ ಕೊಬ್ಬರಿ ಎಣ್ಣೆ, ತೊಟ್ಟು ಮೆತ್ತಗಾದ ಹತ್ತಿಬಟ್ಟೆ, ಮೊಂಡಾಗಿ ಕತ್ತರಿಸಿದ ಉಗುರು. ಇಷ್ಟಕ್ಕೂ ಬಗ್ಗದಿದ್ದರೆ ಡಾಕ್ಟರು ಒಂದು ಪುಡಿ ಬರೆದುಕೊಡುತ್ತಾರೆ; ನೀರಿಗೆ ಬೆರೆಸಿ ಕುಡಿದರೆ ಹೊಳೆಯ ಮರಳನ್ನು ಕುಡಿದ ಹಾಗಿರುತ್ತದೆ. ಬಾಚಣಿಗೆಯ ಹಿಂಬದಿಯಿಂದ ಬೆನ್ನು ಕೆರೆದುಕೊಳ್ಳಬೇಡಿ ಎಂದೂ ಅವರೇ ಹೇಳುತ್ತಾರೆ. ರಾತ್ರಿ ಎರಡು ಗಂಟೆಯಲ್ಲಿ ಅವರೇನು ನೋಡಲು ಬರುತ್ತಾರೆಯೇ?

ಇವನ್ನೆಲ್ಲ ಹೇಗೋ ಸಂಭಾಳಿಸಬಹುದು. ಸಂಭಾಳಿಸಲು ನಿಜವಾಗಿ ತ್ರಾಣ ಬೇಕಾಗುವುದು ಸಲಹೆಗಳನ್ನು. ಲಿವರ್ ಎಂಬ ಮಾತು ಕಿವಿಗೆ ಬಿದ್ದದ್ದೇ ನಮ್ಮ ಜನಕ್ಕೆ ಕಾಮಾಲೆ ನೆನಪಾಗುತ್ತದೆ, ಕಾಮಾಲೆ ಎಂದರೆ ಮನೆಗೊಬ್ಬ ಪಂಡಿತ. ದೊಡ್ಡಮ್ಮ ಫೋನ್ ಮಾಡಿ, ಊರಿನಲ್ಲಿ ಒಬ್ಬರು ಮಣಿಕಟ್ಟಿಗೆ ಬರೆ ಹಾಕುತ್ತಾರೆ, ಒಂದೇ ಬರೆ, ಕಾಸು ಮುಟ್ಟುವುದಿಲ್ಲ, ಎಲೆ ಅಡಿಕೆ ಇಟ್ಟರೆ ಸಾಕು ಎಂದರು. ಪಕ್ಕದ ಮನೆಯ ಅಕ್ಕ ಅಡುಗೆಗೆ ಅರಿಶಿನ ಹಾಕಲೇಬೇಡಿ, ಹಳದಿಗೆ ಹಳದಿ ಸೇರಿದರೆ ಏರುತ್ತದೆ ಎಂದರು. ಅದೇ ವಾರ ಬೆಂಗಳೂರಿನಿಂದ ನಾದಿನಿ ಅರಿಶಿನದ ಸಾರ ತುಂಬಿದ ಕ್ಯಾಪ್ಸೂಲ್ ಡಬ್ಬಿ ಕಳಿಸಿದಳು, ಲಿವರಿಗೆ ಭಾರಿ ಒಳ್ಳೆಯದಂತೆ. ಸಾರಿಗೆ ಹಾಕುವ ಚಿಟಿಕೆಯಿಂದ ಲಿವರಿಗೆ ಕೇಡೂ ಇಲ್ಲ, ಉದ್ಧಾರವೂ ಇಲ್ಲ. ಆದರೆ ಆ ಕ್ಯಾಪ್ಸೂಲುಗಳಿಂದ ಲಿವರ್ ಕೆಟ್ಟವರಿದ್ದಾರೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಕುದಿಸಿದ ಅಮೃತಬಳ್ಳಿ ಕಷಾಯದಿಂದ ಲಿವರಿಗೆ ಪೆಟ್ಟು ಬಿದ್ದವರನ್ನು ಮುಂಬೈಯ ವೈದ್ಯರು ದಾಖಲಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ವಾದ ಪ್ರತಿವಾದ ಜೋರಾಗಿಯೇ ನಡೆಯಿತು. ವಾದದಲ್ಲಿ ಗೆಲುವು ಯಾರದ್ದೇ ಆಗಲಿ, ಮೊದಲೇ ಏಟು ತಿಂದ ಲಿವರ್ ಇಟ್ಟುಕೊಂಡವರು ಆ ಅಖಾಡಕ್ಕೆ ಇಳಿಯಬಾರದು ಎಂಬುದು ನನ್ನ ತೀರ್ಮಾನ.

ಕಿರುನೆಲ್ಲಿಯ ಕಥೆ ಮಾತ್ರ ಸ್ವಲ್ಪ ಬೇರೆ. ಹಿತ್ತಲಿನಲ್ಲಿ ಕಳೆಯಂತೆ ಬೆಳೆಯುವ ಈ ಗಿಡವನ್ನು ಅರೆದು ಮಜ್ಜಿಗೆಯಲ್ಲಿ ಕುಡಿಸದ ಮನೆ ನಮ್ಮಲ್ಲಿಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಕೂಡ ಇದರ ಬೆನ್ನು ಹತ್ತಿದ್ದರು. ಮದರಾಸಿನ ಸಂಶೋಧಕರ ಜೊತೆ ಸೇರಿ, ಬಿ ವೈರಸ್ ಇರುವವರಿಗೆ ಇದರಿಂದ ಗುಣವಾಗುವ ಸೂಚನೆಯಿದೆ ಎಂದು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆದರೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಅದೂ ಬಿ ವೈರಸ್ಸಿನ ಮಾತು, ಸಿ ಅಲ್ಲ. ಇಷ್ಟನ್ನೂ ನಾನು ಪಕ್ಕದ ಮನೆಯ ಅಕ್ಕನಿಗೆ ವಿವರವಾಗಿ ಹೇಳಿದೆ. ಅವರು ಗಮನವಿಟ್ಟು ಕೇಳಿ, "ನೊಬೆಲ್ ಬಂದವರೇ ಹೇಳಿದಾರೆ ಅಂದ ಮೇಲೆ ಕುಡೀರಿ ಮತ್ತೆ" ಅಂದರು. ಬ್ಲಂಬರ್ಗ್ ಹುಟ್ಟಿದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ; ಅವತ್ತು ಅಕ್ಕನನ್ನು ಭಾಷಣಕ್ಕೆ ಕರೆಯಬೇಕು.

ಪಥ್ಯದ ವಿಷಯದಲ್ಲೂ ಊರೇ ಒಂದು ಕಡೆ, ಡಾಕ್ಟರು ಒಂದು ಕಡೆ. ಊರಿನವರ ಪ್ರಕಾರ ನಾನು ಉಪ್ಪಿಲ್ಲದ ಗಂಜಿ, ನೀರು ಮಜ್ಜಿಗೆ, ಗಾಡಿಯ ಕಬ್ಬಿನ ಹಾಲಿನಲ್ಲಿ ಬದುಕಬೇಕು. ಆ ಕಬ್ಬಿನ ಹಾಲಿಗೆ ಹಾಕುವ ಐಸು ಎಲ್ಲಿಯದೋ ಯಾರಿಗೆ ಗೊತ್ತು. ಸಿ ಸಾಲದೆಂದು ನೀರಿನಲ್ಲಿ ಬರುವ ಎ ಮತ್ತು ಇ ಹೆಪಟೈಟಿಸನ್ನೂ ಕರೆದು ಕೂರಿಸಿದ ಹಾಗಾದೀತು. ಡಾಕ್ಟರ ಪ್ರಕಾರ ಚೆನ್ನಾಗಿ ಉಣ್ಣಬೇಕು. ಹೆಸರುಕಾಳು, ಹುರುಳಿ, ಮೊಟ್ಟೆ, ಮೊಸರು, ಸೊಪ್ಪು, ಎಲ್ಲವೂ ಆಗಬಹುದು. ನನ್ನ ಲಿವರ್ ಗಟ್ಟಿಯಾಗುತ್ತ ಸಿರೋಸಿಸ್ಸಿನ ಹೊಸ್ತಿಲು ದಾಟಿದ್ದರಿಂದ ರಾತ್ರಿ ಬರಿಹೊಟ್ಟೆಯಲ್ಲಿ ಬಹಳ ಹೊತ್ತು ಇರಕೂಡದಂತೆ, ಮಾಂಸಖಂಡ ಕರಗುತ್ತದಂತೆ. ಮಲಗುವ ಮುಂಚೆ ಒಂದು ಲೋಟ ರಾಗಿ ಗಂಜಿ. ಒಟ್ಟಿಗೆ ತಿಂದರೆ ಹೊಟ್ಟೆ ತೊಳಸುವವರು ಅದನ್ನೇ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿಂದರಾಯಿತು. ಕುಡಿತ ಮಾತ್ರ ಒಂದು ತೊಟ್ಟೂ ಕೂಡದು. ಹೊಟ್ಟೆಯಲ್ಲಿ, ಕಾಲಿನಲ್ಲಿ ನೀರು ತುಂಬಿಕೊಂಡವರಿಗೆ ಉಪ್ಪು ಕಡಿಮೆ, ಅಂದರೆ ಉಪ್ಪಿನಕಾಯಿ ಹಪ್ಪಳಕ್ಕೆ ಕೈಮುಗಿಯಬೇಕು. ಆ ಗತಿ ಇನ್ನೂ ನನಗೆ ಬಂದಿಲ್ಲ. ಮಾವಿನಮಿಡಿಯ ಜಾಡಿಯ ಮುಂದೆ ಹೋಗುವಾಗ ದೇವರನ್ನು ನೆನೆಯುತ್ತೇನೆ. ಸುಸ್ತೆಂದರೆ ಸಾಕು ಐರನ್ ಟಾನಿಕ್ ಕುಡಿ ಎನ್ನುವವರಿದ್ದಾರೆ, ರಕ್ತಪರೀಕ್ಷೆ ಮಾಡದೆ ಕುಡಿಯಬಾರದು. ಹೆಚ್ಚಿನ ಕಬ್ಬಿಣ ಲಿವರಿನಲ್ಲೇ ಹೋಗಿ ಕೂರುತ್ತದೆ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನವನು ಕೊಡುವ ಜೋರು ಮಾತ್ರೆಗಳಿಗಿಂತ ಪ್ಯಾರಾಸಿಟಮಾಲೇ ವಾಸಿ ಎಂಬುದು ಕೇಳಿದವರಿಗೆಲ್ಲ ಆಶ್ಚರ್ಯ. ನನಗೆ ಹಾಕಿಕೊಟ್ಟಿರುವ ಮಿತಿ ದಿನಕ್ಕೆ ಎರಡು ಗ್ರಾಂ, ಅಂದರೆ ಐನೂರರ ನಾಲ್ಕು ಮಾತ್ರೆ, ಅದರಾಚೆ ಇಲ್ಲ.

ಇಷ್ಟೆಲ್ಲ ಬೇಡಗಳ ನಡುವೆ ಒಂದು ದಿನ ಡಾಕ್ಟರು "ಕಾಫಿ ಕುಡೀತೀರಾ?" ಎಂದು ಕೇಳಿದರು. ಅದನ್ನೂ ಕಿತ್ತುಕೊಂಡರಲ್ಲ ಎಂದು ತಲೆ ತಗ್ಗಿಸಿ ಹೂಂ ಅಂದೆ. "ಕುಡೀರಿ, ಎರಡು ಮೂರು ಲೋಟ ಕುಡೀರಿ, ಲಿವರಿಗೆ ಒಳ್ಳೇದು" ಅಂದುಬಿಟ್ಟರು! ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದೂ ಲಿವರ್ ಕ್ಯಾನ್ಸರ್ ಬರುವುದೂ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆಯಂತೆ. ಹಾಸನದವಳಾದ ನನಗೆ ಇದಕ್ಕಿಂತ ಸಿಹಿಸುದ್ದಿ ಬೇರೆ ಬೇಕೆ? ಸಕಲೇಶಪುರದ ತೋಟಗಳು ಕಣ್ಣಳತೆಯಲ್ಲಿರುವ ಊರು. ಯೆಮೆನ್ನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ಹೇಳುವ ಬಾಬಾಬುಡನ್ ಅವರಿಗೆ ಕೂತಲ್ಲೇ ಕೈಮುಗಿದೆ. ಅಧ್ಯಯನವಾಗಿರುವುದು ಕಾಫಿಯ ಮೇಲೆ, ಚಿಕೋರಿಯ ಮೇಲಲ್ಲ ಎಂದು ಮನೆಗೆ ಬಂದವಳೇ ಪುಡಿಯಂಗಡಿಯವರಿಗೆ ಚಿಕೋರಿ ಬೆರೆಸಬೇಡಿ ಅಂದೆ, ಸಕ್ಕರೆಯನ್ನೂ ಇಳಿಸಿದೆ. ನಮ್ಮವರಿಗೆ ಅಸಿಡಿಟಿಗೆಂದು ಅದೇ ತಿಂಗಳು ಅವರ ಡಾಕ್ಟರು ಕಾಫಿ ಬಿಡಿಸಿದರು. ಅವರೆದುರು ಲೋಟ ಹಿಡಿದು ಕೂರುವಾಗ "ಏನು ಮಾಡೋದ್ರೀ, ಔಷಧಿ" ಅನ್ನುತ್ತೇನೆ.

ತಲೆಗೆ ಮಂಜು ಕವಿಯುವ ಸಂಗತಿ ಹೇಳಲು ಮರೆತಿದ್ದೆ, ಅದೇ ಅದರ ಲಕ್ಷಣ. ಉಗ್ರಾಣದ ಬಾಗಿಲಲ್ಲಿ ನಿಂತು ಯಾಕೆ ಬಂದೆನೆಂದು ಯೋಚಿಸುವುದು, ಪರಿಚಯದವರ ಹೆಸರು ಸಿಗದೆ "ಅವರು... ಅವರೇ" ಎನ್ನುವುದು. ಚೀಟಿ ಬರೆದಿಟ್ಟುಕೊಂಡರೆ ಅರ್ಧ ಪರಿಹಾರ. ಆದರೆ ಸಿರೋಸಿಸ್ ಇದ್ದವರು ಇದ್ದಕ್ಕಿದ್ದಂತೆ ಗಲಿಬಿಲಿಯಾಗಿ ಮಾತನಾಡಿದರೆ, ಹಗಲು ರಾತ್ರಿ ಅದಲುಬದಲಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಥವಾ ಮಲ ಟಾರಿನಂತೆ ಕಪ್ಪಾದರೆ, ಅದಕ್ಕೆ ಚೀಟಿಯಲ್ಲ, ಆಂಬುಲೆನ್ಸ್ ಬೇಕು. ಅಲ್ಲಿ ಹಾಸ್ಯಕ್ಕೆ ಜಾಗವಿಲ್ಲ.

ನೆಂಟರ ಮನೆಯ ಒಂದು ಗೃಹಪ್ರವೇಶದಲ್ಲಿ ಎಲ್ಲರಿಗೂ ಸ್ಟೀಲ್ ಲೋಟ, ನನಗೊಬ್ಬಳಿಗೆ ಕಾಗದದ ಲೋಟ ಬಂತು. ಎಷ್ಟು ನಯವಾಗಿ ಕೊಟ್ಟರೆಂದರೆ ಬೇಸರ ಮಾಡಿಕೊಳ್ಳಲೂ ನಾಚಿಕೆಯಾಯಿತು. ಈ ವೈರಸ್ಸು ಲೋಟದಿಂದ, ತಟ್ಟೆಯಿಂದ, ಕೆಮ್ಮಿನಿಂದ, ಅಪ್ಪಿಕೊಳ್ಳುವುದರಿಂದ ಹರಡುವುದಿಲ್ಲ. ಸೊಳ್ಳೆಯಿಂದಲೂ ಇಲ್ಲ. ರಕ್ತಕ್ಕೆ ರಕ್ತ ಸೋಕಬೇಕು. ಹಿಂದೆ ಊರಿನ ಕ್ಲಿನಿಕ್ಕುಗಳಲ್ಲಿ ಒಂದೇ ಗಾಜಿನ ಸಿರಿಂಜನ್ನು ಕುದಿಸಿದ ಶಾಸ್ತ್ರ ಮಾಡಿ ಊರಿಗೆಲ್ಲ ಚುಚ್ಚುತ್ತಿದ್ದರಲ್ಲ, ಅದರಿಂದ; ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹಾಕುವ ಹಚ್ಚೆಯಿಂದ; ಬ್ಲೇಡು ಬದಲಿಸದ ಕ್ಷೌರದಿಂದ. ಆದ್ದರಿಂದ ನಮ್ಮ ಮನೆಯಲ್ಲಿ ಬೇರೆಯಿದ್ದದ್ದು ಲೋಟವಲ್ಲ. ಟೂತ್‌ಬ್ರಷ್ಷು, ನೇಲ್‌ಕಟರು, ರೇಜರು. ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡರೆ ಬಟ್ಟೆ ಸುತ್ತಿ, ಮಣೆಯನ್ನು ಬ್ಲೀಚ್ ಹಾಕಿ ತೊಳೆಯುತ್ತಿದ್ದೆ. ಬೇರೆಯವರು ಅಂಜಿದ್ದು ತಪ್ಪಾದ ಜಾಗದಲ್ಲಿ, ಅಷ್ಟೇ.

ಚಿಕಿತ್ಸೆ ಶುರುವಾದಾಗ ನೆಂಟರಿಗೆಲ್ಲ ನಿರಾಸೆಯಾಯಿತು. ಮೊದಲಾಗಿದ್ದರೆ ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ಆರು ತಿಂಗಳೋ ವರ್ಷವೋ. ಚಳಿಜ್ವರ, ಕೂದಲು ಉದುರುವುದು, ಮನಸ್ಸು ಕುಗ್ಗುವುದು, ಅಷ್ಟೆಲ್ಲ ಪಟ್ಟರೂ ಹೆಚ್ಚುಕಡಿಮೆ ಅರ್ಧ ಜನಕ್ಕೇ ವಾಸಿ. ಈಗ ದಿನಕ್ಕೊಂದು ಮಾತ್ರೆ, ಹನ್ನೆರಡು ವಾರ, ನೂರಕ್ಕೆ ತೊಂಬತ್ತೈದರಷ್ಟು ಜನಕ್ಕೆ ಗುಣ. ಸೋಫೋಸ್ಬುವಿರ್ ಎಂಬ ಈ ಮದ್ದು ಅಮೆರಿಕದಲ್ಲಿ 2013ರ ಕೊನೆಗೆ ಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರು, ಪೂರ್ತಿ ಚಿಕಿತ್ಸೆಗೆ 84,000 ಡಾಲರು. 2014ರಲ್ಲಿ ಬೆಂಗಳೂರಿನದ್ದೊಂದೂ ಸೇರಿ ಏಳು ಭಾರತೀಯ ಕಂಪನಿಗಳಿಗೆ ಇದನ್ನು ತಯಾರಿಸಲು ಪರವಾನಗಿ ಸಿಕ್ಕಿತು, ಬೆಲೆ ಇಳಿಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಪುಕ್ಕಟೆ ಕೊಡುತ್ತಾರೆ. ಸಿರೋಸಿಸ್ ಇದ್ದದ್ದರಿಂದ ನನಗೆ ಅದರ ಜೊತೆ ವೆಲ್ಪಟಾಸ್ವಿರ್ ಸೇರಿದ ಮಾತ್ರೆ ಕೊಟ್ಟರು. ಒಂದೇ ಷರತ್ತು: ಬೆಳಿಗ್ಗೆ ಎದ್ದು ನುಂಗುವ ಗ್ಯಾಸಿನ ಮಾತ್ರೆ ನಿಲ್ಲಿಸಬೇಕು, ಹೊಟ್ಟೆಯ ಆಮ್ಲ ಕಡಿಮೆಯಾದರೆ ಈ ಮದ್ದು ಮೈಗೆ ಹತ್ತುವುದಿಲ್ಲ. ಕರ್ನಾಟಕದಲ್ಲಿ ಗ್ಯಾಸಿನ ಮಾತ್ರೆ ನಿಲ್ಲಿಸುವುದು ಕಾಶಿಯಲ್ಲಿ ಇಷ್ಟದ ತರಕಾರಿ ಬಿಡುವುದಕ್ಕಿಂತ ಕಷ್ಟ. ಬಿಟ್ಟೆ.

ಮಾತ್ರೆ ಮುಗಿದು ಹನ್ನೆರಡು ವಾರದ ಮೇಲೆ ಮಾಡಿದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಆದರೂ ಆಂಟಿಬಾಡಿ ಪರೀಕ್ಷೆ ಮಾಡಿದರೆ ನನ್ನ ರಕ್ತ ಜೀವಮಾನವಿಡೀ ಪಾಸಿಟಿವ್ ಎಂದೇ ತೋರಿಸುತ್ತದೆ. ಯಾವ ಲ್ಯಾಬಿಗೆ ಹೋದರೂ ಅಲ್ಲಿನ ಹುಡುಗಿಯರು ಒಂದು ಕ್ಷಣ ಹಿಂದೆ ಸರಿಯುತ್ತಾರೆ, ನಾನು ಬ್ಯಾಗಿನಿಂದ ಹಳೆಯ ರಿಪೋರ್ಟು ತೆಗೆದು ತೋರಿಸುತ್ತೇನೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸುವಂತಿಲ್ಲ, ಸಿರೋಸಿಸ್ ಆದವರಿಗೆ ವೈರಸ್ ಹೋದ ಮೇಲೂ ಕ್ಯಾನ್ಸರಿನ ಮೇಲೆ ಕಣ್ಣಿಟ್ಟಿರಬೇಕು. ಒಮ್ಮೆ ಗುಣವಾದವರಿಗೆ ಮತ್ತೆ ಬರುವುದಿಲ್ಲ ಎಂದೇನೂ ಇಲ್ಲ, ಇದಕ್ಕೆ ಲಸಿಕೆಯೂ ಇಲ್ಲ. ತುರಿಕೆ ಹೋಗಿದೆ. ಸುಸ್ತು ಅರ್ಧ ಹೋಗಿದೆ. ಉಳಿದ ಅರ್ಧ ಯಾರದೆಂದು ಕೇಳಿದರೆ ಡಾಕ್ಟರು ನನ್ನ ಆಧಾರ್ ಕಾರ್ಡಿನ ಹುಟ್ಟಿದ ತಾರೀಖಿನ ಕಡೆ ನೋಡುತ್ತಾರೆ. ಹೆಸರು ಮರೆತಾಗ, ಮಧ್ಯಾಹ್ನ ತೂಕಡಿಸಿದಾಗ, ಯಾರದೋ ಸತ್ಯನಾರಾಯಣ ಪೂಜೆಗೆ ಹೋಗಲು ಮನಸ್ಸಿಲ್ಲದಾಗ ಮೊದಲು ಹೇಳಲು ಒಂದು ಕಾರಣವಿತ್ತು, ಈಗ ಅದೂ ಇಲ್ಲ.

ನೀವೋ ನಿಮ್ಮ ಮನೆಯ ಹಿರಿಯರೋ 2001ಕ್ಕೆ ಮುಂಚೆ ಹೆರಿಗೆಗೋ ಆಪರೇಷನ್ನಿಗೋ ರಕ್ತ ಹಾಕಿಸಿಕೊಂಡಿದ್ದರೆ, ಎಷ್ಟು ಮಲಗಿದರೂ ಹೋಗದ ಸುಸ್ತಿದ್ದರೆ, ಟಾನಿಕ್ಕು ಕೊಳ್ಳುವ ಮೊದಲು ಜಿಲ್ಲಾಸ್ಪತ್ರೆಗೆ ಹೋಗಿ ಹೆಪಟೈಟಿಸ್ ಸಿ ವೈರಸ್ಸಿನ, ಅಂದರೆ ಎಚ್‌ಸಿವಿ ಪರೀಕ್ಷೆ ಮಾಡಿ ಎಂದು ಕೇಳಿ. ಒಂದು ಹನಿ ರಕ್ತ ಸಾಕು, ದುಡ್ಡು ಕೊಡಬೇಕಾಗಿಲ್ಲ.